ಕೊಸರು ಕೊಡದ ಫೋನು

ಹೂವಿನ ರತ್ನಮ್ಮನವರು ನೋಟ್‌ಬುಕ್ ಹಾಳೆಯಷ್ಟಗಲದ ನನ್ನ ಕಾಗದದ ಫೋನನ್ನು ಎತ್ತಿ ಕಿವಿಗೆ ಇಟ್ಟುಕೊಂಡರು.

ನಾನು ಯಲಹಂಕದ ಕಾಲೇಜೊಂದರಲ್ಲಿ ಆ್ಯಪ್ ವಿನ್ಯಾಸ ಕಲಿಯುತ್ತಿದ್ದೇನೆ. ಮೊದಲ ಕರಡನ್ನು ಫೋನಿನ ಪರದೆಗಳ ಹಾಗೆ ಹಾಳೆಗಳ ಮೇಲೆ ಬರೆದು, ಹೊಸಬರೊಬ್ಬರ ಕೈಗೆ ಕೊಡಬೇಕು. ಅವರು ಬೆರಳಿಟ್ಟಂತೆಲ್ಲ ನಾವು ಹಾಳೆ ಬದಲಿಸಬೇಕು, ಆದರೆ ತುಟಿ ಬಿಚ್ಚಕೂಡದು. ಹೂವು ತರಿಸುವ ನನ್ನ ಆ್ಯಪಿನಲ್ಲಿ ವಿದ್ಯಾರಣ್ಯಪುರದ ಬಸ್ ನಿಲ್ದಾಣದಲ್ಲಿ ಹೂವು ಮಾರುವ ರತ್ನಮ್ಮ ಒಂದು ಮೊಳ ಮಲ್ಲಿಗೆ ತರಿಸಿಕೊಂಡರೆ ನಾನು ಪಾಸು. ಪಕ್ಕದಲ್ಲಿ ನಮಗೆ ಪಾಠ ಮಾಡುವ ಮೇಡಂ ನಿಂತಿದ್ದರು.

ರತ್ನಮ್ಮ ‘ಮಲ್ಲಿಗೆ’ ಒತ್ತಿದರು. ‘ಒಂದು ಮೊಳ’ ಒತ್ತಿದರು. ಕೊನೆಯ ‘ಸರಿ’ಯ ಮೇಲೆ ಬೆರಳು ನಿಂತಿತು. ಆಮೇಲೆಯೇ ಫೋನು ಕಿವಿಗೆ ಹೋಗಿದ್ದು.

“ಏನಪ್ಪಾ, ಕೊಸರು ಎಲ್ಲಿ?” ಎಂದು ಹಾಳೆಯನ್ನು ಕೇಳಿದರು. ನನ್ನತ್ತ ನೋಡಿದರು. ನಾನು ತುಟಿ ಕಚ್ಚಿಕೊಂಡೆ.

“ಅವ್ನೂ ಮಾತಾಡಲ್ಲ, ನೀನೂ ಮಾತಾಡಲ್ಲ. ಅಳೆದ್ಮೇಲೆ ನಾಕ್ ಹೂವ ಜಾಸ್ತಿ ಹಾಕ್ದಿರೋ ಅಂಗಡೀಲಿ ನಾನ್ ತಗೊಳಲ್ಲ ಕಣಮ್ಮ.”

ಹಾಗೆಂದವರು ತಮ್ಮ ಬುಟ್ಟಿಯಿಂದ ಒಂದು ಮೊಳ ಅಳೆದು, ಮೇಲೊಂದು ಗೇಣು ಸೇರಿಸಿ, ನನ್ನ ಫೋನಿನಲ್ಲೇ ಸುತ್ತಿ ಮೇಡಂ ಕೈಗಿಟ್ಟರು. ಮೇಡಂ ಹೂವು ಮುಡಿದು, ಫೋನನ್ನು ನನಗೆ ಹಿಂತಿರುಗಿಸಿದರು. “ಫೇಲ್. ಅವರು ಹೇಳಿದ್ದನ್ನ ಸೇರಿಸ್ಕೊಂಡು ಬಾ.”

ಮುಂದಿನ ವಾರ ‘ಕೊಸರು’ ಎಂಬ ಗುಂಡಿ ಬರೆದುಕೊಂಡು ಹೋದೆ. ರತ್ನಮ್ಮ ಅದನ್ನು ಐದು ಸಲ ಒತ್ತಿದರು, ನಾನು ಪಾಸಾದೆ. ಈಗ ಯಾವ ಆ್ಯಪಿನಲ್ಲಿ ಏನು ತರಿಸಿದರೂ ಕೊನೆಯ ಗುಂಡಿಯ ಮೇಲೆ ನನ್ನ ಬೆರಳೂ ಒಂದು ಕ್ಷಣ ಕಾಯುತ್ತದೆ.