ನೊರೆಯ ಬಣ್ಣ ಬಲ್ಲವರು

ಹರಿಹರದಿಂದ ದಿನವೂ ರೈಲಿನಲ್ಲಿ ದಾವಣಗೆರೆಗೆ ಬಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದ ಬೀಗ ತೆಗೆಯುವ ಅಟೆಂಡರ್ ಚಮನ್‌ಸಾಬರಿಗೆ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ಸಣ್ಣ ಗುಳ್ಳೆ, ದೊಡ್ಡ ಗುಳ್ಳೆ. ಚಹಾದಂಗಡಿಯಲ್ಲೂ ಲೋಟದ ನೊರೆಯನ್ನು ಪರೀಕ್ಷಿಸದೆ ಅವರು ಗುಟುಕರಿಸುವವರಲ್ಲ. "ದೊಡ್ಡ ಗುಳ್ಳೆದು ಬರೀ ಡೌಲ್ರಿ, ಇದ್ಲಿ ಪುಡಿನ ಮುಟ್ಟದಂಗೆ ಮ್ಯಾಲೆ ಹೋಗ್ತೈತೆ. ಸಣ್ಣದು ಒಂದೊಂದು ಕಣಾನೂ ಹೊತ್ಕಂಡು ಬರ್ತೈತೆ" ಎಂದು ಪಿಎಚ್‌ಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಕಲ್ಲಿದ್ದಲ ಹಿಟ್ಟು ಕಲಸಿದ ನೀರಿಗೆ ಕಣ್ಣಿಗೆ ಕಾಣದಂಥ ಗುಳ್ಳೆ ಬಿಟ್ಟು, ಇದ್ದಲನ್ನು ನೊರೆಯೊಂದಿಗೆ ತೇಲಿಸಿ ಮಣ್ಣನ್ನು ತಳಕ್ಕಿಳಿಸುವ ಆ ಕೆಲಸದಲ್ಲಿ, ಮೇಲಿನ ನೊರೆ ಬಳಿದು ತೆಗೆಯುವ ಹಲಗೆ ಇಪ್ಪತ್ತು ವರ್ಷದಿಂದ ಅವರ ಕೈಯಲ್ಲೇ ಇದೆ. ವಿದ್ಯಾರ್ಥಿಗಳು ಗಡಿಯಾರ ನೋಡಿದರೆ ಅವರು ನೊರೆಯ ಬಣ್ಣ ನೋಡುತ್ತಾರೆ. ಕಪ್ಪು ನೊರೆ ಬೂದುಬಣ್ಣಕ್ಕೆ ತಿರುಗಿದ್ದೇ ತಡ, "ಸಾಕ್ರಿ, ಇನ್ನು ಬರೋದು ಮಣ್ಣು" ಎಂದು ಕೈಯೆತ್ತಿಬಿಡುತ್ತಾರೆ. ಪಿಎಚ್‌ಡಿಯ ಕೊನೆಯ ಸಂದರ್ಶನಕ್ಕೆ ಚಹಾ ತರುವವರೂ ಅವರೇ. ಮೊನ್ನೆ ಪರೀಕ್ಷಕರು, "ನೊರೆ ಬಳಿಯೋದನ್ನ ಯಾವಾಗ ನಿಲ್ಲಿಸ್ತೀರಿ?" ಎಂದು ಕೇಳಿದಾಗ ವಿದ್ಯಾರ್ಥಿನಿ ಪದ್ಮಶ್ರೀ ತಡವರಿಸಿ, ಬಾಗಿಲ ಬಳಿ ನಿಂತಿದ್ದ ಸಾಬರತ್ತ ನೋಡಿದಳು. ಸಾಬರು ತಮ್ಮ ಬೂದುಗಡ್ಡ ಸವರಿಕೊಂಡರು. "ಬೂದುಬಣ್ಣ ಬಂದಾಗ ಸರ್" ಎಂದಳು. "ಭೇಷ್! ಇದು ಯಾವ ಪುಸ್ತಕದಲ್ಲೂ ಇಲ್ಲ, ಡಾಕ್ಟರ್ ಪದ್ಮಶ್ರೀ" ಎಂದು ತಲೆದೂಗಿದ ಪರೀಕ್ಷಕರು ಖಾಲಿ ಲೋಟವನ್ನು ಸಾಬರ ಕೈಗಿಟ್ಟರು. ಈ ಸಲ ಪದ್ಮಶ್ರೀ ಸಾಬರತ್ತ ನೋಡಲಿಲ್ಲ.