ಪ್ಲಾಸ್ಟಿಕ್ ತಲೆಯ ಮೇಲೊಂದು ಸೆರಗು

ನಿವೃತ್ತಿಯಾದ ಮರುದಿನವೂ ನಾನು ಬೆಳಗಿನ ಪಾಳಿಯ ಹೊತ್ತಿಗೇ ಎದ್ದೆ. ಸ್ನಾನ, ಚಹಾ, ಇಸ್ತ್ರಿ ಮಾಡಿದ ಸೀರೆ. ಎಲ್ಲ ಮುಗಿಸಿ ಬಾಗಿಲಿಗೆ ಬಂದರೆ ಹೋಗಲು ಜಾಗವಿರಲಿಲ್ಲ. ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ, ಕೊನೆಗೆ ಎಲ್ಲ ವಾರ್ಡುಗಳ ಮೇಲ್ವಿಚಾರಕಿಯಾಗಿ ದುಡಿದವಳು ನಾನು. ಚಾದರದ ಮೂಲೆ ಸರಿಯಾಗಿ ಮಡಿಚಿರದಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ. ಮನೆಯಲ್ಲಿ ಸಿಕ್ಕಿದ್ದು ಎರಡೇ ಹಾಸಿಗೆ: ನನ್ನದು ಮತ್ತು ನಮ್ಮ ಅಕ್ಕನದು. ಅಕ್ಕ ತನ್ನದನ್ನು ಮುಟ್ಟಗೊಡಲಿಲ್ಲ.

ಕೈಗೆ ಕೆಲಸ ಬೇಕಿತ್ತು. ಕೊಲ್ಹಾಪುರಕ್ಕೆ ಹೋದಾಗ ಒಂದಕ್ಕೊಂದು ಕೂಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿಯನ್ನು ಅಂಗಡಿಯಲ್ಲಿ ಕಂಡೆ. ಮೊಮ್ಮಗನಿಗೇನು ಎಂದು ಅಂಗಡಿಯವ ಮರಾಠಿಯಲ್ಲಿ ಕೇಳಿದ. ನನಗೇ ಎಂದೆ. ಅವನು ಡಬ್ಬಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

ಆ ಇಟ್ಟಿಗೆಗಳಿಂದ ಕಟ್ಟಿದ ಮನೆಗಿಂತ ಅದರೊಳಗಿನ ಬೊಂಬೆಗಳು ನನಗೆ ಹಿಡಿಸಿದವು. ಹೆಬ್ಬೆರಳಿನಷ್ಟು ಎತ್ತರ, ಹಳದಿ ಮುಖ. ತಲೆ ತಿರುಗುತ್ತದೆ, ತೋಳು ಏಳುತ್ತದೆ. ನೆತ್ತಿಯ ಮೇಲೆ ಒಂದು ಗುಬಟು. ಕೂದಲು, ಟೋಪಿ ಏನೇ ಇದ್ದರೂ ಅದಕ್ಕೇ ಸಿಕ್ಕಿಸಬೇಕು. ಅಂಗೈ ಎಂದರೆ ಒಂದು ಕಡೆ ಬಾಯಿ ತೆರೆದ ಉಂಗುರ, ಕೊಟ್ಟದ್ದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇವುಗಳಿಗೆ ಬೇಕಾದ ಸಾಮಾನುಗಳನ್ನು ತಾವೇ ಮಾಡಿ ಫೋಟೊ ಹಾಕುವ ಹವ್ಯಾಸಿಗಳ ಒಂದು ಫೋರಂ ಇಂಟರ್‌ನೆಟ್ಟಿನಲ್ಲಿ ಇತ್ತು. 2010 ದಾಟಿದ ವರ್ಷಗಳು ಅವು. ನಾನೂ ಒಂದು ಅಡ್ಡಹೆಸರಿನಿಂದ ಸೇರಿದೆ. ನಾನು ಮಾಡಿದ ಸಲಾಯಿನ್ ಸ್ಟ್ಯಾಂಡು, ಸ್ಟೆತಸ್ಕೋಪುಗಳಿಗೆ ಅಲ್ಲಿ ಒಳ್ಳೆಯ ಹೆಸರು ಬಂತು. ಎಲ್ಲರೂ ನನ್ನನ್ನು ‘ಬ್ರೋ’ ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ಮಾತು ಕೆಲಸದ ಬಗ್ಗೆ ಇತ್ತು, ಅಷ್ಟು ಸಾಕಿತ್ತು.

ಒಂದು ವರ್ಷ ಫೋರಂನವರು ಪುಣೆಯಲ್ಲಿ ಎಲ್ಲರೂ ಸೇರಿ ಒಂದು ಪ್ರದರ್ಶನ ಮಾಡಲು ಹೊರಟರು. ವಿಷಯ, ಕಬ್ಬಿನ ಹಂಗಾಮು. ಒಬ್ಬರು ಸಕ್ಕರೆ ಕಾರ್ಖಾನೆ, ಒಬ್ಬರು ಟ್ರ್ಯಾಕ್ಟರುಗಳು, ಇನ್ನೊಬ್ಬರು ಎತ್ತಿನ ಗಾಡಿಗಳು. ಹೊಲದ ಜನ ನನ್ನ ಪಾಲಿಗೆ ಬಂದರು, ನಾನೇ ಕೇಳಿ ಪಡೆದದ್ದು. ಗಂಡಸರಿಗೆ ರುಮಾಲು, ಕೈಗೆ ಕಬ್ಬು ಕಡಿಯುವ ಕೊಯ್ತಾ ಸಲೀಸಾಗಿ ಆದವು. ಹೆಂಗಸರಿಗೆ ತಲೆಯ ಮೇಲೆ ಸೆರಗು ಬೇಕು. ಸೆರಗಿಲ್ಲದೆ ನಮ್ಮ ಕಡೆಯ ಹೊಲ ಆಗುವುದಿಲ್ಲ.

ಪೈಪು ಸೋರಿದರೆ ಮೆತ್ತುವ ಪುಟ್ಟಿಯನ್ನು ಕಲಸಿ, ತಲೆಯಿಂದ ಭುಜದವರೆಗೆ ಸೆರಗಿನ ಆಕಾರ ತಿದ್ದಿ ಒಣಗಿಸಿದೆ. ಬಣ್ಣ ಹಚ್ಚಿ ಅಕ್ಕನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿದಳು.

“ಇದೇನಬೇ ಇದು, ಫಟಫಟಿ ಮ್ಯಾಲಿನ ಹೆಲ್ಮೆಟ್?”

“ಸೆರಗ ಅಕ್ಕಾ.”

“ಸೆರಗಂದ್ರ ಸೆರಗಿನಂಗ ಇರಬೇಕ. ಇದನ್ನ ಹೊತಗೊಂಡ್ರ ಆಕೀ ಕುತಗೀ ಹೊಳ್ಳೂದಿಲ್ಲ. ಬಾಜೂದಾಕೀ ಜೋಡಿ ಮಾತರ ಹೆಂಗ ಆಡಬೇಕ?”

ಫೋಟೊ ನೋಡಿ ಫೋರಂನವರೂ ಅವಳು ಹೇಳಿದ್ದನ್ನೇ ಬರೆದರು. ತಲೆ ತಿರುಗದ ಬೊಂಬೆಯನ್ನು ಪ್ರದರ್ಶನದ ಮೇಜಿಗೆ ಬಿಡುವುದಿಲ್ಲ, ಅದು ಅವರ ನಿಯಮ. ಇದು ಮಾಂತ್ರಿಕನ ಮುಸುಕೇ ಬ್ರೋ ಎಂದು ಒಬ್ಬ ಕೇಳಿ ನಗುವ ಮುಖ ಅಂಟಿಸಿದ್ದ. ಪ್ರದರ್ಶನ ನಡೆಸುವವರು ಕಡೆಯ ಮಾತು ಹೇಳಿದರು: ಭಾನುವಾರದೊಳಗೆ ಸರಿಯಾದ ಮಾದರಿ ಬರದಿದ್ದರೆ ಹೊಲದಲ್ಲಿ ಬರೀ ಗಂಡಸರನ್ನು ನಿಲ್ಲಿಸುತ್ತೇವೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಬ್ಬು ಕಡಿಯುವ ಹೆಂಗಸರು ವಾರ್ಡಿಗೆ ಬಂದರೆ ಅವರ ಬೆರಳು, ಬೆನ್ನು, ಬಸಿರು ಎಲ್ಲ ನೋಡಿದವಳು ನಾನು. ಅವರಿಲ್ಲದ ಕಬ್ಬಿನ ಹೊಲವನ್ನು ಪುಣೆಯ ಜನ ನೋಡಿ ಹೋಗುವುದೇ?

ಗಟ್ಟಿ ವಸ್ತು ಬೇಡ, ಬಟ್ಟೆಯೇ ಆಗಬೇಕು. ಗಾಯಕ್ಕೆ ಸುತ್ತುವ ತೆಳು ಬ್ಯಾಂಡೇಜ್ ಬಟ್ಟೆ ಕತ್ತರಿಸಿದೆ, ಅರಿಸಿನದ ನೀರಿನಲ್ಲಿ ಅದ್ದಿದೆ, ಗುಬಟು ತೂರಲು ಬಟ್ಟೆಗೆ ಸಣ್ಣ ತೂತು ಮಾಡಿ ತಲೆಗೆ ಹಾಕಿದೆ. ಬಣ್ಣ ಬೊಂಬೆಯ ಮುಖಕ್ಕೂ ಮೆತ್ತಿತು. “ಹತ್ತಲಿ ಬಿಡ, ಅವು ಅರಿಷಿಣ ಹಚಗೊಂಡs ಹುಟ್ಯಾವ,” ಎಂದಳು ಅಕ್ಕ. ಆದರೆ ತಲೆ ತಿರುಗಿಸಿದರೆ ಬಟ್ಟೆ ಜಾರಿ ಹಿಂದಕ್ಕೆ ಬೀಳುತ್ತಿತ್ತು. ಗಂಜಿ ಹಾಕಿ ಮಡಿಕೆ ಕೂರಿಸಿದೆ. ನಿಂತಿತು. ಎಲ್ಲವನ್ನೂ ಒಂದೇ ಅಳತೆಗೆ ಇಸ್ತ್ರಿ ಮಾಡಿ ಸಾಲಾಗಿ ಇಟ್ಟೆ. ಅಕ್ಕ ಬಗ್ಗಿ ನೋಡಿದಳು.

“ಎಲ್ಲಾರನೂ ನರ್ಸ್ ಮಾಡಿ ಇಟ್ಟಿಯಲ್ಲs! ಇವ್ರೇನ ಕಬ್ಬ ಕಡ್ಯಾಕ ಹೊಂಟಾರೊ, ಸೂಜಿ ಮಾಡಾಕ ಹೊಂಟಾರೊ?”

ಸಿಟ್ಟು ಬಂತು, ಏಕೆಂದರೆ ಅದು ನಿಜವಾಗಿತ್ತು. ನನ್ನ ಕೈ ಏನು ಮಾಡಿದರೂ ವಾರ್ಡಿನ ಚಾದರವೇ ಆಗುತ್ತಿತ್ತು.

ಶುಕ್ರವಾರ ಇಬ್ಬರೂ ಉಗಾರ ಖುರ್ದದಲ್ಲಿರುವ ಅಕ್ಕನ ಮಗಳ ಮನೆಗೆ ಹೋಗಬೇಕಾಗಿತ್ತು. ನನಗೆ ಮನಸ್ಸಿರಲಿಲ್ಲ, ದಿನ ಹಾಳಾಗುತ್ತದೆ ಎಂಬ ತಳಮಳ. ಅಲ್ಲಿನ ಸಕ್ಕರೆ ಕಾರ್ಖಾನೆ ಹತ್ತಿರವಾದಂತೆ ರಸ್ತೆಯ ತುಂಬ ಕಬ್ಬಿನ ಗಾಡಿಗಳ ಸಾಲು. ಬಸ್ಸು ಬುಸುಗುಟ್ಟಿ ನಿಲ್ಲುವುದು, ತುಸು ಹೋಗುವುದು, ಮತ್ತೆ ನಿಲ್ಲುವುದು. ನಾನು ಕೈಗಡಿಯಾರ ನೋಡುತ್ತಿದ್ದೆ.

“ಗಡಿಯಾರ ನೋಡಿದ್ರ ಬಸ್ಸ ಓಡತೈತೇನ? ಹೊರಗ ನೋಡ,” ಎಂದು ಅಕ್ಕ ಮೊಣಕೈಯಿಂದ ತಿವಿದಳು.

ನೋಡಿದೆ. ಹೊಲದಿಂದ ಎದ್ದು ಬಂದ ಹೆಂಗಸೊಬ್ಬಳು ರಸ್ತೆ ದಾಟಲು ನಿಂತಿದ್ದಳು. ಸೀರೆಯ ಮೇಲೆ ಗಂಡನ ಅಂಗಿ, ಬಲಗೈಯಲ್ಲಿ ಕೊಯ್ತಾ. ಟ್ರ್ಯಾಕ್ಟರೊಂದು ಧೂಳೆಬ್ಬಿಸಿ ಹೋಯಿತು. ಅವಳ ಸೆರಗು ಹಾರಿತು. ಎಡಗೈ ತಾನಾಗಿಯೇ ಮೇಲೆದ್ದು ಸೆರಗಿನ ಅಂಚನ್ನು ಗದ್ದದ ಹತ್ತಿರ ಹಿಡಿಯಿತು. ಹಿಡಿದುಕೊಂಡೇ ಅವಳು ಆ ಕಡೆ ನೋಡಿದಳು, ಈ ಕಡೆ ನೋಡಿದಳು, ದಾಟಿದಳು. ತಲೆ ಸರಾಗವಾಗಿ ತಿರುಗಿತು, ಸೆರಗು ಬೀಳಲಿಲ್ಲ.

“ಅಕ್ಕಾ, ಕೈ!” ಎಂದೆ.

“ಯಾರ ಕೈ?”

“ಬೊಂಬಿ ಕೈ. ಅದು ಇರೂದs ಹಿಡ್ಯಾಕ. ಸೆರಗ ಅದರ ಕೈಯಾಗs ಕೊಟ್ರ ಆತು.”

ಮುಂದಿನ ಸೀಟಿನ ಮುದುಕ ಹಿಂತಿರುಗಿ ನೋಡಿದ. “ಏನಿಲ್ರಿ ಕಾಕಾ, ನಮ್ಮ ತಂಗಿ ರಿಟಾಯರ್ ಆಗ್ಯಾಳ,” ಎಂದು ಅಕ್ಕ ಅವನಿಗೆ ಸಮಾಧಾನ ಹೇಳಿದಳು.

ಉಗಾರದಲ್ಲಿ ಊಟ ಮಾಡಿದ್ದಷ್ಟೇ. ಉಳಿಯಿರಿ ಎಂದರೂ ನಾನು ಒಪ್ಪಲಿಲ್ಲ. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸೆರಗುಗಳನ್ನೆಲ್ಲ ನೀರಿಗೆ ಹಾಕಿ ಗಂಜಿ ತೊಳೆದೆ. ಈ ಸಲ ಅಳತೆ ಇಲ್ಲ. ಒಂದು ಉದ್ದ, ಒಂದು ಗಿಡ್ಡ, ಕತ್ತರಿ ಹೋದ ಹಾಗೆ. ಪ್ರತಿ ಬೊಂಬೆಯ ಎಡತೋಳು ಎತ್ತಿ, ಉಂಗುರದಂಥ ಅಂಗೈಯಲ್ಲಿ ಸೆರಗಿನ ಅಂಚನ್ನು ಚಿಮುಟದಿಂದ ತುರುಕಿದೆ. ಬಲಗೈಗೆ ಕೊಯ್ತಾ. ಅಕ್ಕ ಎದುರಿಗೆ ಕೂತು ತನ್ನ ಸೆರಗನ್ನೇ ಹಿಡಿದು ತೋರಿಸುತ್ತ, “ಇನ್ನ ಜರಾ ಸಡ್ಲ ಬಿಡ... ಆಕೀಗೆ ಉಸರ ಆಡ್ಲಿ,” ಎನ್ನುತ್ತಿದ್ದಳು. ತಲೆ ತಿರುಗಿಸಿದೆ. ತಿರುಗಿತು.

ಫೋಟೊ ಜೊತೆಗೆ ತಲೆ ತಿರುಗುವ ಸಣ್ಣ ವೀಡಿಯೊ ಕಳಿಸಬೇಕು ಎನ್ನುವಾಗ ಕರೆಂಟು ಹೋಯಿತು. ಶನಿವಾರವೆಲ್ಲ ಬರಲಿಲ್ಲ. ನಾನು ಮೋಡೆಮ್ಮಿನ ದೀಪಕ್ಕೂ ಬಾಗಿಲಿಗೂ ನಡುವೆ ಓಡಾಡಿದೆ. ಭಾನುವಾರ ಮಧ್ಯಾಹ್ನ ದೀಪ ಹತ್ತಿತು. ವೀಡಿಯೊ ಆಮೆಯಂತೆ ಮೇಲೇರಿತು. ಸಂಜೆ ಉತ್ತರ ಬಂತು: ಹೆಂಗಸರು ಹೊಲದಲ್ಲಿರಲಿ. ಬಟ್ಟೆ ಜಾರಿದರೆ ನೋಡಿಕೊಳ್ಳಲು ನೀನೇ ಬರಬೇಕು ಬ್ರೋ.

ಪುಣೆಯ ಸಭಾಂಗಣದಲ್ಲಿ ನಾನು ಡಬ್ಬಿ ಹಿಡಿದು ನಿಂತಾಗ ಫೋರಂನವರು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡಿದರು. “ಬಾಗಿಲಿಗೆ ಅಡ್ಡ ನಿಲ್ಲಬೇಡ್ರಿ, ಮೇಜು ಎಲ್ಲೈತಿ ತೋರಸ್ರಿ,” ಎಂದೆ. ಬೆಳಗಾವಿ ಕಡೆಯ ಒಬ್ಬರಿದ್ದರು, ಕಾರ್ಖಾನೆಯ ಚಿಮಣಿ ಕಟ್ಟಿದವರು, ಅರೆನರೆತ ತಲೆ. ಅವರಿಗಷ್ಟೇ ನನ್ನ ಕನ್ನಡ ತಿಳಿಯಿತು. ಅವರು ನಕ್ಕು ದಾರಿ ಮಾಡಿದರು.

ತಲೆಯ ಮೇಲೆ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ಒಂದು ಸೆರಗು ಎತ್ತಿ ಹಿಡಿಸಿದರೆ ಇನ್ನೊಂದು ಜಾರುತ್ತಿತ್ತು. ಜನರ ನಡುವೆ ನುಸುಳುತ್ತ ಮೇಜಿನ ಸುತ್ತ ತಿರುಗಿದೆ, ಕೂರಲೇ ಇಲ್ಲ. ಯಾರೋ ಅಂಟು ತಂದುಕೊಟ್ಟರು, ಅಂಟಿಸಿದರೆ ಮತ್ತೆ ಹೆಲ್ಮೆಟ್ಟೇ ಆದೀತೆಂದು ತಿರುಗಿ ಕೊಟ್ಟೆ. ಮಧ್ಯಾಹ್ನ ಚಹಾ ಕುಡಿಯಲು ಬಲವಂತವಾಗಿ ಕಳಿಸಿದರು. ಅರ್ಧ ಕುಡಿದು ಓಡಿ ಬಂದರೆ ಚಿಮಣಿಯವರು ನನ್ನ ಚಿಮುಟ ಹಿಡಿದು ಹೊಲದ ಮೇಲೆ ಬಗ್ಗಿದ್ದರು.

“ಬಾಯೀರಿ, ಈ ಕಡೀದಾಕೀ ಸೆರಗ ನಿಲ್ಲವಲ್ದರಿ. ಎಷ್ಟ ಸಲ ಹಾಕ್ಲಿ?”

“ಬಿದ್ದಾಗೊಮ್ಮೆ ಹಾಕ್ರಿ,” ಎಂದೆ. ಅವರು ಮತ್ತೆ ಹಾಕಿದರು. ನಾನು ಮೇಜಿನ ಆಚೆ ಬದಿಗೆ ಹೋದೆ, ಅಲ್ಲಿ ಇಬ್ಬರದು ಜಾರಿತ್ತು.