ಜಯಾ ಮೇಡಂ ಟಿಕೆಟ್ ಕೇಳಿದ ಕೈ

2023ರಲ್ಲಿ ನಾನು ಚೆನ್ನೈನ ಪೋರೂರಿನಲ್ಲಿ ಪೋಕರ್ ಕೋಚ್ ಆಗಿದ್ದೆ. ಈಗಲೂ ಅದೇ ಕೆಲಸ. ಆದರೆ ಈ ಮಾತನ್ನು ಮೈಸೂರಿನಲ್ಲಿರುವ ನನ್ನ ಅಮ್ಮನ ಮುಂದೆ ಇಂದಿಗೂ ಪೂರ್ತಿಯಾಗಿ ಹೇಳಿಲ್ಲ. ಅವರ ಪಾಲಿಗೆ ನಾನು 'ದೊಡ್ಡವರಿಗೆ ಗಣಿತ ಹೇಳಿಕೊಡುವವನು'. ಅದರಲ್ಲಿ ಸುಳ್ಳೇನೂ ಇಲ್ಲ. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಹದಿಮೂರು ವರ್ಷ ಕ್ವಾಲಿಟಿ ಎಂಜಿನಿಯರ್ ಆಗಿದ್ದು, ಆ ಕೆಲಸ ಬಿಟ್ಟು, ಪೋರೂರು ಕೆರೆಯ ಹತ್ತಿರ ಒಂದು ಮಹಡಿ ಹಿಡಿದು ತರಗತಿ ಶುರುಮಾಡಿದವನು ನಾನು. ನಮ್ಮಲ್ಲಿ ದುಡ್ಡಿಟ್ಟು ಆಡುವುದಿಲ್ಲ. ಮೇಜಿನ ಮೇಲಿರುವ ಪ್ಲಾಸ್ಟಿಕ್ ಬಿಲ್ಲೆಗಳಿಗೆ, ಅಂದರೆ ಚಿಪ್‌ಗಳಿಗೆ, ಮೇಜಿನಾಚೆ ಬೆಲೆಯಿಲ್ಲ. ಚದುರಂಗದಂತೆ ಇದೂ ಬುದ್ಧಿಯ ಆಟವೆಂದು ನಂಬಿದ ನಲವತ್ತು ಐವತ್ತು ಜನ ಬರುತ್ತಾರೆ, ಅಷ್ಟೇ.

ಆ ವರ್ಷ ಫೆಬ್ರವರಿಯಲ್ಲಿ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಅರವತ್ತೊಂದು ವಯಸ್ಸು, ಬಿಗಿಯಾಗಿ ಕಟ್ಟಿದ ತುರುಬು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಬಾಗಿಲಲ್ಲಿದ್ದ ನನ್ನ ಹೆಸರಿನ ಫಲಕ ಓದಿ ತಮಿಳು ಬೆರೆತ ಕನ್ನಡದಲ್ಲೇ ಮಾತು ತೆಗೆದರು. "ನೀವು ಕನ್ನಡದವ್ರಾ? ಅಪ್ಪಾಡ, ಒಳ್ಳೇದಾಯ್ತು. ನಾನು ವಂದು ಇಲ್ಲೇ ಪೆರಂಬೂರಲ್ಲೇ ಹುಟ್ಟಿದ್ದು. ನಮ್ಮಪ್ಪ ಕೋಲಾರದ ಕಡೆಯಿಂದ ರೈಲ್ವೇಸ್‌ಗೆ ಬಂದವ್ರು. ನನ್ ಕನ್ನಡ ಕೇಳಿ ಸಿರಿಕ್ಕಬೇಡಿ, ಆಮಾ?" ನಾನು ಆಗಲೇ ನಗುತ್ತಿದ್ದೆ.

ಅವರ ಹೆಸರು ಜಯಲಕ್ಷ್ಮಿ. ಮೂವತ್ತಮೂರು ವರ್ಷ ರೈಲುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾಗಿದ್ದರು. ಯಾಕೆ ಕಲಿಯಬೇಕು ಎಂದು ಕೇಳಿದೆ. ಹುಡುಗಿಯಾಗಿದ್ದಾಗ ಖೊ ಖೊ ಆಡುತ್ತಿದ್ದರಂತೆ. ರಾಜ್ಯ ತಂಡಕ್ಕೆ ಆಯ್ಕೆಯಾದ ವಾರವೇ ಕಾಲು ಮುರಿದು, ಬೇರೆ ಹುಡುಗಿ ಹೋದಳಂತೆ. "ಸ್ಟೇಟ್ ಹೆಸರು ಬರೆದಿರೋ ಜೆರ್ಸಿ ಒಂದ್ ತಡವೆ, ಒಂದೇ ಸಲ ಹಾಕ್ಕೋಬೇಕು ಸಾರ್. ಓಡಕ್ಕೆ ಮುಡಿಯಲ್ಲೆ, ಕಾಲಲ್ಲಿ ಆಗಲ್ಲ. ಕೂತ್ಕೊಂಡು ಆಡೋ ಆಟ ಏನಿದೆ ಅಂತ ಹುಡುಕ್ದೆ. ಚೆಸ್ಸಲ್ಲಿ ಎಂಟು ವರ್ಷದ ಮಕ್ಕಳೇ ನನ್ನ ಸೋಲಿಸ್ತಾವೆ. ಪೋಕರ್‌ಗೂ ಸ್ಟೇಟ್ ಟೀಮ್ ಇದೆ ಅಂತಾರಲ್ಲ."

ನಾವು ಆಡುವ ಪೋಕರ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತಾರೆ. ಎಲ್ಲ ಎಲೆ ಸೇರಿಸಿ ದೊಡ್ಡ ಜೋಡಿ ಕೂಡಿದವರು ಹೆಚ್ಚಾಗಿ ಗೆಲ್ಲುತ್ತಾರೆ, ಯಾರಿಗೂ ಏನೂ ಕೂಡದಿದ್ದರೆ ದೊಡ್ಡ ಎಲೆಯವರು; ಎಕ್ಕವೇ ಎಲ್ಲಕ್ಕಿಂತ ದೊಡ್ಡದು. ಒಳ್ಳೆಯ ಎಲೆ ಇದೆ ಎಂದು ಚಿಪ್ ಒಡ್ಡಬಹುದು, ಇಲ್ಲದಿದ್ದರೂ ಇದೆ ಎಂಬಂತೆ ಒಡ್ಡಬಹುದು. ಆ ಎರಡನೆಯದೇ ಬ್ಲಫ್. ಎದುರಿನವರು ಹೆದರಿ ಎಲೆ ಕೆಳಗಿಟ್ಟರೆ ಅದು ಫೋಲ್ಡ್, ಹೆದರದೆ ಅಷ್ಟೇ ಚಿಪ್ ಹಾಕಿದರೆ ಕಾಲ್.

ಜಯಾ ಮೇಡಂ ಎರಡು ತಿಂಗಳಲ್ಲಿ ನಿಯಮವನ್ನೆಲ್ಲ ಅರೆದು ಕುಡಿದರು. ಬ್ಲಫ್ ಹಿಡಿಯುವುದರಲ್ಲಂತೂ ನನ್ನ ಹಳೆಯ ವಿದ್ಯಾರ್ಥಿಗಳೂ ಅವರ ಮುಂದೆ ನಿಲ್ಲುತ್ತಿರಲಿಲ್ಲ. ತೊಂದರೆ ಇದ್ದದ್ದೂ ಅಲ್ಲೇ. ಸುಳ್ಳು ಕಂಡರೆ ಅವರಿಗೆ ಬಿಡಲು ಆಗುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಡೆದ ನಮ್ಮದೇ ಸಣ್ಣ ಟೂರ್ನಮೆಂಟ್‌ನಲ್ಲಿ ಒಬ್ಬನೇ ಆಟಗಾರನ ಬ್ಲಫ್ಫನ್ನು ನಾಲ್ಕು ಸಲ ಹಿಡಿದರು. ಐದನೆಯ ಸಲ ಅವನ ಕೈಯಲ್ಲಿ ನಿಜವಾಗಿಯೂ ಎರಡು ಎಕ್ಕ ಇದ್ದವು. ಮೇಡಂ ಆಟದಿಂದ ಹೊರಬಿದ್ದರು.

"ಪ್ರತಿಯೊಬ್ಬನನ್ನೂ ಯಾಕೆ ಹಿಡೀಬೇಕು ಮೇಡಂ?"

"ಟಿಕೆಟ್ ಇಲ್ಲದವನನ್ನ ಎಪ್ಪಡಿ ಬಿಡೋದು ಸಾರ್? ರಾತ್ರಿ ನಿದ್ದೆ ಬರತ್ತಾ?"

ಮೇ ತಿಂಗಳಿಡೀ ನಾನು ಅವರಿಗೆ ಕಲಿಸಿದ್ದು ಬಿಡುವುದನ್ನು. ನನ್ನ ಮುಂದೆ ನಲವತ್ತು ಸಾವಿರ ಚಿಪ್‌ಗಳ ಗೋಪುರ, ಅವರ ಮುಂದೆ ಬರೀ ಎಂಟು ಸಾವಿರ. ವಾರಕ್ಕೆ ಮೂರು ದಿನ ಹಾಗೇ ಆಡಿದೆವು. ಟೂರ್ನಮೆಂಟ್‌ನಲ್ಲಿ ಕಳೆದುಕೊಂಡ ಚಿಪ್ ಮತ್ತೆ ಸಿಗುವುದಿಲ್ಲ. ದೊಡ್ಡ ರಾಶಿ ಇರುವವನು ಎಂಟು ಸಾವಿರ ಸೋತರೆ ಕುರ್ಚಿಯಲ್ಲೇ ಕೂತಿರುತ್ತಾನೆ, ನೀವು ಸೋತರೆ ಮನೆಗೆ ಹೋಗುತ್ತೀರಿ. ಆ ಧೈರ್ಯದಿಂದಲೇ ಅವನು ಸಿಕ್ಕ ಎಲೆಯಲ್ಲೆಲ್ಲ ನಿಮ್ಮನ್ನು ತಳ್ಳುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಿದ್ದರೂ ಎಷ್ಟೋ ಸಲ ಎಲೆ ಕೆಳಗಿಡಬೇಕು. ಎಷ್ಟು ಚಿಪ್ ಉಳಿದಾಗ ಯಾವ ಎಲೆಗೆ ಕಾಲ್ ಮಾಡಬಹುದೆಂದು ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿ ಕೊಟ್ಟೆ. ಮೇಡಂ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಫ್ರಿಜ್ಜಿಗೆ ಅಂಟಿಸಿಕೊಂಡರು. ಮೊಮ್ಮಗಳು ಅದನ್ನು ನೋಡಿ, "ಪಾಟ್ಟಿ, ಇದು ಡಯಟ್ ಚಾರ್ಟಾ?" ಎಂದು ಕೇಳಿದಳಂತೆ.

ಜೂನ್ ಕೊನೆಯ ಭಾನುವಾರ ರಾಜ್ಯ ತಂಡದ ಆಯ್ಕೆ ಪಂದ್ಯ. ಒಂದು ಮದುವೆ ಮಂಟಪದ ಊಟದ ಹಾಲ್‌ನಲ್ಲಿ ಮೂವತ್ತಾರು ಆಟಗಾರರು, ಒಬ್ಬೊಬ್ಬರಿಗೆ ಹತ್ತು ಸಾವಿರ ಚಿಪ್. ಕೊನೆಗೆ ಉಳಿಯುವ ನಾಲ್ವರೇ ತಂಡ. ಬೆಳಿಗ್ಗೆ ಹತ್ತಕ್ಕೆ ಶುರುವಾದ ಆಟ ಸಂಜೆ ನಾಲ್ಕರ ಹೊತ್ತಿಗೆ ಐವರಿಗೆ ಇಳಿದಿತ್ತು. ಅಂದರೆ ಇನ್ನೊಬ್ಬರು ಬಿದ್ದರೆ ಮುಗಿಯಿತು. ಜಯಾ ಮೇಡಂ ಬಳಿ ಮೂವತ್ತನಾಲ್ಕು ಸಾವಿರ. ಒಬ್ಬ ದಂತವೈದ್ಯರ ಬಳಿ ಇಪ್ಪತ್ತಾರು, ಒಬ್ಬ ಕಾಲೇಜು ಅಧ್ಯಾಪಕರ ಬಳಿ ನಲವತ್ತೆಂಟು, ಒಬ್ಬ ಬ್ಯಾಂಕ್ ಅಧಿಕಾರಿಯ ಬಳಿ ಅರವತ್ತೆರಡು. ಉಳಿದ ಒಂದು ಲಕ್ಷದ ತೊಂಬತ್ತು ಸಾವಿರವೂ ಅರವಿಂದನ್ ಎಂಬವರ ಮುಂದಿತ್ತು.

ಅರವಿಂದನ್ ಜಿಮ್ ನಡೆಸುವವರು. ಆರಡಿ ಎತ್ತರ, ಮೇಜು ಅದುರುವಂಥ ನಗು, ಎಲ್ಲರನ್ನೂ ಉಪಚರಿಸುವ ಗುಣ. ಚಿಪ್‌ಗಳನ್ನು ಗೋಡೆ ಕಟ್ಟಿದ ಹಾಗೆ ಜೋಡಿಸಿಕೊಂಡು, ಎಲೆ ಹಂಚಿದ ಮೂರು ಕೈಗೆ ಎರಡರಲ್ಲಿ "ಆಲ್ ಇನ್" ಎನ್ನುತ್ತಿದ್ದರು. ಅಂದರೆ ಇದ್ದದ್ದನ್ನೆಲ್ಲ ಒಡ್ಡಿದ್ದೇನೆ, ಧೈರ್ಯವಿದ್ದರೆ ಬನ್ನಿ ಎಂದು. ನಾಲ್ವರೂ ಫೋಲ್ಡ್ ಮಾಡುತ್ತಿದ್ದರು. ನಾಲ್ಕೂ ಜನಕ್ಕೆ ಪಕ್ಕದವರು ಬೀಳಲಿ, ತಾವು ಒಳಗಾಗೋಣ ಎಂಬ ಆಸೆ. ಅದನ್ನೇ ಅರವಿಂದನ್ ನಗುನಗುತ್ತಾ ಕೊಯ್ದುಕೊಳ್ಳುತ್ತಿದ್ದರು.

ಅಂಥ ಒಂದು ಕೈಯಲ್ಲಿ ಅವರು ಜಯಾ ಮೇಡಂ ಎದುರು ಆಲ್ ಇನ್ ಎಂದರು. ಎಂದವರೇ, "ಅಮ್ಮಾ, ಫ್ಯಾನ್ ಕಾತ್ತು ವರುದಾ?" ಎಂದು ವಿಚಾರಿಸಿದರು. ಗಾಳಿ ಬರುತ್ತಿದೆಯೇ ಎಂದು ಕೇಳುವ ಸೌಜನ್ಯ ನನಗೆ ಮೆಚ್ಚುಗೆಯಾಯಿತು. ಮೇಡಂ ಅರವಿಂದನ್ ಮುಖವನ್ನೇ ಅರ್ಧ ನಿಮಿಷ ನೋಡಿದರು. ಮೇಡಂ ಬೆರಳು ಚಿಪ್‌ಗಳತ್ತ ಹೊರಟಿದ್ದು ಕಂಡಿತು. ನಾನು ಪ್ರೇಕ್ಷಕರ ಸಾಲಿನಲ್ಲಿ ಕುರ್ಚಿಯ ತುದಿಗೆ ಬಂದೆ. ಬೆರಳು ವಾಪಸಾಯಿತು. ಎಲೆ ಕೆಳಗಿಟ್ಟರು.

ಹತ್ತು ನಿಮಿಷದ ವಿರಾಮದಲ್ಲಿ ಕಾಫಿ ಲೋಟ ಹಿಡಿದು ನನ್ನ ಬಳಿ ಬಂದರು. "ಎಕ್ಕ ಒಂಬತ್ತು ಇತ್ತು ಸಾರ್. ಅವನ ಹತ್ರ ಏನೂ ಇರಲಿಲ್ಲ, ಸತ್ಯವಾಗ್ಲೂ. ಆದ್ರೂ ಬಿಟ್ಟೆ."

"ಬೇಜಾರಾಯ್ತಾ?"

"ಹೊಟ್ಟೆ ಉರೀತಿದೆ." ಹಾಗೆಂದು ಜೋರಾಗಿ ನಕ್ಕರು. ನನಗೆ ಆಗಲೇ ಗೆದ್ದಷ್ಟು ಸಂತೋಷವಾಯಿತು. ನಮಗಿಂತ ಕಡಿಮೆ ಚಿಪ್ ಇರುವ ದಂತವೈದ್ಯರು ಬೀಳುವವರೆಗೆ ಕಾಯಿರಿ ಎಂದು ಹೇಳಿ ಕಳುಹಿಸಿದೆ.

ದಂತವೈದ್ಯರು ಬೀಳಲಿಲ್ಲ. ವಿರಾಮದ ನಂತರದ ಎರಡನೆಯ ಕೈಯಲ್ಲೇ ಅವರು ಎಲ್ಲವನ್ನೂ ಒಡ್ಡಿದರು. ಅರವಿಂದನ್ ಒಂದು ಮಾತೂ ಆಡದೆ ಕಾಲ್ ಮಾಡಿ ಎರಡು ರಾಣಿ ತೋರಿಸಿದರು. ವೈದ್ಯರದ್ದು ಎಕ್ಕ ಮತ್ತು ರಾಜ. ನಡುವೆ ಎಕ್ಕ ಬಿತ್ತು. ವೈದ್ಯರ ಚಿಪ್ ಐವತ್ತು ಸಾವಿರಕ್ಕೆ ಏರಿತು. ಇನ್ನು ಕೆಲವು ಕೈಗಳಾಗುವಷ್ಟರಲ್ಲಿ ಮೇಡಂ ಬಳಿ ಇಪ್ಪತ್ತೆಂಟು ಸಾವಿರ ಮಾತ್ರ ಉಳಿದಿತ್ತು. ಈಗ ಎಲ್ಲರಿಗಿಂತ ಕೆಳಗಿದ್ದವರು ಅವರೇ, ಎಲ್ಲರೂ ಕಾಯುತ್ತಿದ್ದದ್ದು ಅವರು ಬೀಳುವುದನ್ನೇ.

ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಚಿಪ್ ಹಾಕಬೇಕು. ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಸರದಿಯಂತೆ ಮೇಡಂ ಆರು ಸಾವಿರ ಹಾಕಿದರು, ಅವರ ಬಲಗಡೆಯಲ್ಲಿದ್ದ ಅರವಿಂದನ್ ಮೂರು ಸಾವಿರ. ಉಳಿದ ಮೂವರೂ ಫೋಲ್ಡ್. ಅರವಿಂದನ್ ತಮ್ಮ ಎಲೆಗಳ ತುದಿ ಎತ್ತಿ ನೋಡಿ ಎರಡೂ ಕೈಯಿಂದ ಆ ಗೋಡೆಯನ್ನೇ ಮುಂದೆ ತಳ್ಳಿದರು. "ಆಲ್ ಇನ್."

ಮೇಡಂ ಬಳಿ ಇಪ್ಪತ್ತೆರಡು ಸಾವಿರ ಉಳಿದಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಫೋಲ್ಡ್ ಮಾಡಿದರೆ ಮುಂದಿನ ಕೈಗೆ ಮೂರು ಸಾವಿರ ಹೋಗುತ್ತದೆ, ಆಮೇಲೆ ಮೂರು ಕೈ ಪುಕ್ಕಟೆ. ಅಷ್ಟರಲ್ಲಿ ಯಾರಾದರೂ ಎಡವಬಹುದು. ಎಂಟರ ಜೋಡಿಯೋ ಎಕ್ಕದ ಜೊತೆ ಹತ್ತೋ ಇಲ್ಲದಿದ್ದರೆ ಬಿಡಬೇಕು. ನನ್ನ ಪಟ್ಟಿ ಹೇಳುತ್ತಿದ್ದದ್ದು ಅದೇ. ಬಿಡಿ ಮೇಡಂ, ಬಿಡಿ ಎಂದು ನನ್ನ ತುಟಿ ಅಲುಗುತ್ತಿತ್ತು. ಆಟಗಾರರಿಗೆ ಸನ್ನೆ ಮಾಡುವಂತಿಲ್ಲ. ಹಾಗಾಗಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಆಗ ಅರವಿಂದನ್ ಮೇಜಿನ ಮೇಲೆ ಸ್ವಲ್ಪ ಬಾಗಿ, ತುಂಬ ಪ್ರೀತಿಯಿಂದ ಕೇಳಿದರು: "ಅಮ್ಮಾ, ಸಾಪ್ಟೀಂಗಳಾ?"

ಊಟ ಆಯಿತೇ ಎಂಬ ಆ ಪ್ರಶ್ನೆಗೆ ಮೇಡಂ ಮುಖ ಅರಳಿತು. ಅಂಥ ನಗುವನ್ನು ನಾನು ಐದು ತಿಂಗಳಲ್ಲಿ ನೋಡಿರಲಿಲ್ಲ.

"ಸಾಪ್ಟಾಚುಪ್ಪಾ," ಎಂದರು. ಊಟ ಆಯ್ತಪ್ಪಾ. ತಮ್ಮ ಚಿಪ್‌ಗಳನ್ನೆಲ್ಲ ಮುಂದೆ ಸರಿಸಿ, ಕೈ ಚಾಚಿ, ಮೂವತ್ತಮೂರು ವರ್ಷ ಹೇಳಿದ್ದ ಧಾಟಿಯಲ್ಲೇ ಹೇಳಿದರು: "ಟಿಕೆಟ್ ಎಡು." ಟಿಕೆಟ್ ತೆಗಿ.

ಇಡೀ ಹಾಲ್ ಗೊಳ್ಳೆಂದಿತು. ಅರವಿಂದನ್ ಮಾತ್ರ ನಗಲಿಲ್ಲ. ಮೆಲ್ಲಗೆ ಎಲೆ ತಿರುಗಿಸಿದರು. ಒಂಬತ್ತು, ನಾಲ್ಕು. ಟಿಕೆಟ್ ಇರಲಿಲ್ಲ. ಮೇಡಂ ತಿರುಗಿಸಿದ್ದು ರಾಜ ಮತ್ತು ಏಳು. ನನ್ನ ಪಟ್ಟಿಯ ಪ್ರಕಾರ ಕೈಯಲ್ಲೂ ಮುಟ್ಟಬಾರದ ಎಲೆ.

ಇನ್ನೂ ಐದು ಎಲೆ ಬರಬೇಕಿತ್ತು. ಒಂದು ಒಂಬತ್ತೋ ನಾಲ್ಕೋ ಬಿದ್ದರೆ ಆಸೆಯೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಗುಲಾಮ, ಆರು, ಎರಡು. ನಾನು ಎದ್ದು ನಿಂತಿದ್ದೆ. ನಾಲ್ಕನೆಯದು ರಾಣಿ. ಐದನೆಯದು ಮೂರು. ಇಬ್ಬರಿಗೂ ಏನೂ ಕೂಡಲಿಲ್ಲ. ಮೇಡಂ ಕೈಯಲ್ಲಿದ್ದ ಒಂಟಿ ರಾಜನೇ ಎಲ್ಲಕ್ಕಿಂತ ದೊಡ್ಡ ಎಲೆಯಾಗಿ ಉಳಿದ. ಐವತ್ತಾರು ಸಾವಿರ ಚಿಪ್ ಅವರ ಕಡೆ ಸರಿದು ಬಂತು. ಮುಂದೆ ಎಂಟು ಕೈಗಳಾದ ಮೇಲೆ ಅಧ್ಯಾಪಕರು ಅರವಿಂದನ್ ಎದುರೇ ಎಲ್ಲವನ್ನೂ ಒಡ್ಡಿ ಸೋತರು. ಎದ್ದು ಎಲ್ಲರಿಗೂ ಕೈಕೊಟ್ಟು ಹೋದರು. ನಾಲ್ವರು ಉಳಿದರು.

ಅಭಿನಂದನೆಯ ಗದ್ದಲದಲ್ಲಿ ಮೇಡಂರನ್ನು ಪಕ್ಕಕ್ಕೆ ಕರೆದು ಕೇಳಿದೆ. "ರಾಜ ಏಳಕ್ಕೆ ಹೇಗೆ ಕಾಲ್ ಮಾಡಿದ್ರಿ? ನನ್ನ ಪಟ್ಟಿ..."

"ಪಟ್ಟಿ ಸರಿ ಸಾರ್. ಮೊದಲ್ನೇ ತಡವೆ ಅದಕ್ಕೇ ಬಿಟ್ಟೆ. ಆಗ ನನಗಿಂತ ಕೆಳಗೆ ಡಾಕ್ಟರ್ ಇದ್ರು. ಈಗ ಕೆಳಗೆ ಯಾರೂ ಇಲ್ಲ. ಬಿಟ್ಟು ಎಲ್ಲಿಗೆ ಹೋಗ್ಲಿ?" ಆಮೇಲೆ ದನಿ ತಗ್ಗಿಸಿದರು. "ಟಿಕೆಟ್ ಇರೋನು ಸುಮ್ನೆ ಇರ್ತಾನೆ. ಇಲ್ಲದೋನೇ ನಾನು ಕೇಳೋ ಮುಂಚೆ ಮಾತಾಡ್ಸೋದು. ಸಾಪ್ಟೀಂಗಳಾ, ಯಾವೂರು, ಮಕ್ಕಳೆಷ್ಟು ಅಂತ. ಬೆಳಿಗ್ಗೆಯಿಂದ ಎಣಿಸ್ತಿದ್ದೆ. ರಾಣಿ ಜೋಡಿ ಬಂದಾಗ ಬಾಯೇ ಬಿಡಲಿಲ್ಲ ನೋಡಿ."

ಅದೇ ಮೇಜನ್ನು ನಾನೂ ಬೆಳಿಗ್ಗೆಯಿಂದ ನೋಡುತ್ತಿದ್ದೆ. ನನಗೆ ಕಂಡದ್ದು ಸೌಜನ್ಯ ಮಾತ್ರ.

ಆಗಸ್ಟ್‌ನಲ್ಲಿ ತಂಡ ರಾಷ್ಟ್ರೀಯ ಕೂಟಕ್ಕೆ ಹೊರಟಿತು. ಜಯಾ ಮೇಡಂ ನೀಲಿ ಜೆರ್ಸಿಯನ್ನು ಸೀರೆಯ ಮೇಲೇ ತೊಟ್ಟು ರೈಲು ಹತ್ತಿದರು. ಅರವಿಂದನ್ ಮೇಡಂಗೆ ಕಿಟಕಿಯ ಪಕ್ಕ ಜಾಗ ಕೊಟ್ಟು, ತಮ್ಮನ್ನು ಹೇಗೆ ಹಿಡಿದಿರಿ ಎಂದು ಅರಕ್ಕೋಣಂವರೆಗೂ ಗೋಗರೆದರು. ಇನ್ನು ನಾವು ಒಂದೇ ಟೀಮಲ್ವಾ ಎಂದು ಮೇಡಂ ಗುಟ್ಟು ಬಿಟ್ಟುಕೊಟ್ಟರು. ಆ ಕೂಟದ ಮೂರೂ ದಿನ ಆ ಆರಡಿ ಮನುಷ್ಯ ಆಲ್ ಇನ್ ಎಂದೊಡನೆ ಬಾಯಿಗೆ ಒಂದು ಮುರುಕ್ಕು, ಅಂದರೆ ಚಕ್ಕುಲಿ, ತುರುಕಿಕೊಂಡು ಕೂರುತ್ತಿದ್ದರು. ಎದುರಾಳಿಗಳಿಗೆ ಏನೂ ತಿಳಿಯಲಿಲ್ಲ. ನಮ್ಮ ತಂಡಕ್ಕೆ ಐದನೆಯ ಸ್ಥಾನ ಬಂತು. ಅಷ್ಟು ಮೇಲೆ ನಾವು ಅದಕ್ಕೆ ಮೊದಲು ಹೋಗಿರಲಿಲ್ಲ.

ಆ ಕೈ ಸೋತಿದ್ದರೆ ಮೇಡಂ ಪಟ್ಟಿ ಮೀರಿದರು ಎಂದು ನಾನೇ ಬೈಯುತ್ತಿದ್ದೆನೇನೋ. ಎಲೆ ಬೀಳುವುದು ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಎದುರಿನ ಗೋಪುರ ಎಷ್ಟೇ ಎತ್ತರವಿರಲಿ, ಅದರ ಹಿಂದೆ ಕೂತವನು ಒಬ್ಬ ಮನುಷ್ಯ. ಅವನನ್ನು ನೋಡಲು ನಾನು ಯಾವ ಕೋಷ್ಟಕದಲ್ಲೂ ಕಲಿಸಿರಲಿಲ್ಲ. ಬಿಡುವುದನ್ನು ಅವರು ನನ್ನಿಂದ ಕಲಿತರು. ಯಾವಾಗ ಬಿಡಬಾರದು ಎಂಬುದನ್ನು ತಮ್ಮ ಕೆಲಸದಿಂದಲೇ ಹೊತ್ತು ತಂದಿದ್ದರು. ಕಲಿಯಲು ಬರುವವರು ಖಾಲಿ ಕೈಯಲ್ಲಿ ಬರುವುದಿಲ್ಲ ಎಂಬ ಸರಳ ವಿಷಯ ಕೋಚ್ ಆಗಿ ಆರು ವರ್ಷ ಕಳೆದ ಮೇಲೆ ನನಗೆ ತಿಳಿಯಿತು.

ಈಗ ಹೊಸಬರು ಬಂದರೆ ಮೊದಲ ದಿನ ಎಲೆ ಹಂಚುವುದಿಲ್ಲ. ಇಷ್ಟು ವರ್ಷ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ. ಹೋದ ತಿಂಗಳು ಎಣ್ಣೂರಿನಿಂದ ಒಬ್ಬರು ಬಂದಿದ್ದರು. ಇಪ್ಪತ್ತೊಂಬತ್ತು ವರ್ಷ ದಡದಲ್ಲಿ ನಿಂತು ಮೀನು ಹರಾಜು ಕೂಗಿದವರು. ಒಂದೂಕಾಲು ಗಂಟೆ ಅವರು ಹೇಳಿದರು. ನಾನು ಎರಡು ಪುಟ ಬರೆದುಕೊಂಡೆ.